ನಡುಗೆರೆ ಬಿಟ್ಟು ಕದಲದ ಇಡ್ಲಿಗಳ ಬಗ್ಗೆ ಗೋಡೆಯ ಕಂಟ್ರೋಲ್ ಚಾರ್ಟಿಗೆ

ಇವರಿಗೆ,
ಶ್ರೀಮಾನ್ ಕಂಟ್ರೋಲ್ ಚಾರ್ಟ್ ಅವರು,
ಕೈತೊಳೆಯುವ ಬೇಸಿನ್ನಿಗೂ ಬೆಂಕಿ ಆರಿಸುವ ಸಿಲಿಂಡರಿಗೂ ನಡುವಿನ ಗೋಡೆ,
ಕಾರ್ಖಾನೆಯ ಕ್ಯಾಂಟೀನು, ವಡೋದರಾ.

ಮಾನ್ಯರೇ,

ಉತ್ತರಾಯಣದ ರಜೆ ಮುಗಿದು, ಊರಿನ ವಿದ್ಯುತ್ ತಂತಿಗಳ ಮೇಲೆ ಹರಿದ ಗಾಳಿಪಟಗಳು ಇನ್ನೂ ನೇತಾಡುತ್ತಿರುವ ಈ ಚಳಿಯ ಬೆಳಿಗ್ಗೆ ತಮಗೂ, ತಮ್ಮ ಮೇಲಿನ ಕೆಂಪು ಗೆರೆಯವರಿಗೂ, ಕೆಳಗಿನ ಕೆಂಪು ಗೆರೆಯವರಿಗೂ, ಇವರಿಬ್ಬರ ನಡುವೆ ಯಾರ ಪಕ್ಷವನ್ನೂ ವಹಿಸದೆ ಮಲಗಿರುವ ಹಸಿರು ನಡುಗೆರೆಯವರಿಗೂ ನನ್ನ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂಬುದನ್ನು ದಿನಾ ಕಣ್ಣಾರೆ ಕಾಣುತ್ತಿದ್ದೇನೆ. ಸಾಂಬಾರಿನ ಹಬೆ ತಾಗಿ ತಮ್ಮ ಒಂದು ಮೂಲೆ ಕೊಂಚ ಉಬ್ಬಿದ್ದನ್ನು ಬಿಟ್ಟರೆ ತಮ್ಮಲ್ಲಿ ಯಾವ ಏರುಪೇರೂ ಇಲ್ಲ. ನನ್ನ ದೂರು ಇರುವುದೂ ಅದರ ಬಗ್ಗೆಯೇ. ಗೋಡೆಗೆ ಅಂಟಿದವರಿಗೆ ಪತ್ರ ಬರೆಯುವುದು ವಿಚಿತ್ರವೆಂದು ಓದುವವರಿಗೆ ಅನ್ನಿಸಬಹುದು. ಆದರೆ ಇದೇ ವಿಷಯವಾಗಿ ಕಾರ್ಖಾನೆಯ ಗುಣಮಟ್ಟ ವಿಭಾಗಕ್ಕೆ ಎರಡು ಪತ್ರ, ಅಹಮದಾಬಾದಿನ ನವರಂಗಪುರದಲ್ಲಿರುವ ಮುಖ್ಯ ಕಚೇರಿಗೆ ಮೂರು ಪತ್ರ ಬರೆದಾಗ ಎರಡೂ ಕಡೆಯಿಂದ ಬಂದ ಉತ್ತರ ಒಂದೇ ಆಗಿತ್ತು: ಚಾರ್ಟ್ ಏನು ಹೇಳುತ್ತದೋ ಅದೇ ಅಂತಿಮ. ಆದ್ದರಿಂದ ಅಂತಿಮವಾಗಿ ಹೇಳುವ ಅಧಿಕಾರ ಇರುವವರಿಗೇ ನೇರವಾಗಿ ಬರೆಯುವುದು ಸೂಕ್ತವೆಂದು ತಿಳಿದೆ. ತಾವು ಓದದಿದ್ದರೂ ತಮ್ಮನ್ನು ಓದಬಲ್ಲವರು ಯಾರಾದರೂ ಓದಲಿ ಎಂದು ಇದನ್ನು ಬಹಿರಂಗವಾಗಿ ಬರೆದಿದ್ದೇನೆ.

ಮೊದಲಿಗೆ ನನ್ನ ಪರಿಚಯ. ನಾನು ಈ ಕಾರ್ಖಾನೆಯ ಕ್ಯಾಂಟೀನಿನ ಗುತ್ತಿಗೆದಾರ, ಉಡುಪಿ ಕಡೆಯವನು, ವಡೋದರಾಕ್ಕೆ ಬಂದು ಇಪ್ಪತ್ತಾರು ವರ್ಷ. ಕಾರ್ಖಾನೆ ಮಾಡುವುದು ಪೈಪುಗಳಿಗೆ ಹಾಕುವ ವಾಲ್ವು. ವಾಲ್ವು ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೆ ಎಲ್ಲೋ ಏನೋ ಸೋರುತ್ತದೆ, ಆದ್ದರಿಂದ ಇಲ್ಲಿ ಎಲ್ಲವನ್ನೂ ಅಳೆಯುತ್ತಾರೆ, ಅಳೆದದ್ದನ್ನು ಚುಕ್ಕೆಯಾಗಿ ಇಡುತ್ತಾರೆ, ಚುಕ್ಕೆಗಳು ಎರಡು ಕೆಂಪು ಗೆರೆಗಳ ನಡುವೆ ಇವೆಯೇ ಎಂದು ನೋಡುತ್ತಾರೆ. ಸಣ್ಣಪುಟ್ಟ ಏರಿಳಿತ ಎಲ್ಲ ಕೆಲಸಕ್ಕೂ ಸಹಜ, ಗೆರೆ ದಾಟುವ ಏರಿಳಿತಕ್ಕೆ ಏನಾದರೂ ಕಾರಣ ಇರಲೇಬೇಕು, ಆ ಎರಡರ ವ್ಯತ್ಯಾಸ ತಿಳಿಸಿಕೊಡುವುದೇ ತಮ್ಮ ಕೆಲಸ ಎಂದು ಕೇಳಿದ್ದೇನೆ. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಇಷ್ಟು ಒಳ್ಳೆಯ ಕೆಲಸ ಮಾಡುವವರು ಈ ಲೋಕದಲ್ಲಿ ಹೆಚ್ಚಿಲ್ಲ. ಕಳೆದ ಜೂನ್‌ನಲ್ಲಿ, ಕಾರ್ಖಾನೆಯೊಳಗೆ ನಡೆಯುವ ಪ್ರತಿಯೊಂದು ಕೆಲಸಕ್ಕೂ ಕಂಟ್ರೋಲ್ ಚಾರ್ಟ್ ಇರಬೇಕು ಎಂಬ ಆದೇಶ ಬಂತು. ಇಡ್ಲಿಯೂ ಕಾರ್ಖಾನೆಯೊಳಗೇ ತಯಾರಾಗುವುದರಿಂದ ತಾವು ಬಂದಿರಿ.

ತಮ್ಮ ಸೇವೆಗೆ ನೇಮಕವಾದವರು ಸಾವಿತ್ರಕ್ಕ. ಹತ್ತೊಂಬತ್ತು ವರ್ಷದಿಂದ ನಮ್ಮಲ್ಲಿ ಹಿಟ್ಟು ರುಬ್ಬಿಸುವುದು, ಹೊಯ್ಯುವುದು, ಬೇಯಿಸುವುದು, ಬಡಿಸುವುದು ಎಲ್ಲ ಅವರೇ. ವಡೋದರಾದ ಡಿಸೆಂಬರಿನಲ್ಲಿ ಹಿಟ್ಟು ಉಬ್ಬುವುದಿಲ್ಲವೆಂದು ಪಾತ್ರೆಗೆ ಕಂಬಳಿ ಹೊದಿಸಿ, ಮೇ ತಿಂಗಳಲ್ಲಿ ಹುಳಿಯೇರುತ್ತದೆಂದು ಒದ್ದೆ ಗೋಣಿ ಸುತ್ತಿ, ವರ್ಷದ ಮುನ್ನೂರು ದಿನವೂ ಒಂದೇ ತರಹದ ಇಡ್ಲಿ ಕೊಡುತ್ತ ಬಂದವರು. ಬೆಳಿಗ್ಗೆ ಆರೂಮುಕ್ಕಾಲಿಗೆ ಮೊದಲ ಹಬೆಯಿಂದ ಐದು ಇಡ್ಲಿ ತೆಗೆದು, ಒಂದೊಂದನ್ನೂ ತೂಗಿ, ಐದೂ ತೂಕವನ್ನು ರಿಜಿಸ್ಟರಿನಲ್ಲಿ ಬರೆದು, ಸರಾಸರಿ ತೆಗೆದು, ತಮ್ಮ ಮೇಲೆ ಒಂದು ಚುಕ್ಕೆ ಇಡಬೇಕೆಂದು ಅವರಿಗೆ ಹೇಳಲಾಯಿತು. ನಾಲ್ಕನೇ ತರಗತಿಯವರೆಗೆ ಓದಿದ ಸಾವಿತ್ರಕ್ಕ ಅದಕ್ಕಾಗಿ ದಶಮಾಂಶ ಕಲಿತರು. ಆ ದಶಮಾಂಶದ ಬಿಂದುವನ್ನು ಅವರು ಹಣೆಗೆ ಕುಂಕುಮ ಇಟ್ಟಷ್ಟು ದುಂಡಗೆ, ಸಾವಧಾನವಾಗಿ ಇಡುತ್ತಿದ್ದುದನ್ನು ತಾವು ಎದುರಿನಿಂದಲೇ ನೋಡಿದ್ದೀರಿ. ತಪ್ಪಿಯೂ ಒಂದು ದಿನ ಬಿಟ್ಟಿಲ್ಲ. ಜ್ವರ ಬಂದ ದಿನವೂ ಬಂದು, ತೂಗಿ, ಚುಕ್ಕೆ ಇಟ್ಟು ಮನೆಗೆ ಹೋದರು.

ಮೊದಲ ಇಪ್ಪತ್ತೈದು ದಿನದ ತೂಕ ನೋಡಿ ಗುಣಮಟ್ಟ ವಿಭಾಗದವರು ತಮ್ಮ ಗೆರೆಗಳನ್ನು ಎಳೆದರು: ನಡುಗೆರೆ ಐವತ್ತು ಗ್ರಾಂ, ಮೇಲಿನದು ಐವತ್ತೊಂಬತ್ತು, ಕೆಳಗಿನದು ನಲವತ್ತೊಂದು. ಆಮೇಲೆ ತಾವು ತೋರಿದ ಶಾಂತಿಯನ್ನು ಏನೆಂದು ವರ್ಣಿಸಲಿ! ಐವತ್ತು ಪಾಯಿಂಟ್ ಎರಡು, ನಲವತ್ತೊಂಬತ್ತು ಪಾಯಿಂಟ್ ಎಂಟು, ಐವತ್ತು ಪಾಯಿಂಟ್ ಒಂದು. ಮಳೆಗಾಲ ಬಂತು, ವಿಶ್ವಾಮಿತ್ರಿ ನದಿ ಉಕ್ಕಿ ಕಾರ್ಖಾನೆಗೆ ಅರ್ಧ ಜನವೂ ಬರಲಿಲ್ಲ, ತಮ್ಮ ಚುಕ್ಕೆ ಐವತ್ತರಲ್ಲೇ ಇತ್ತು. ನವರಾತ್ರಿ ಬಂತು, ಒಂಬತ್ತು ರಾತ್ರಿ ಗರ್ಬಾ ಕುಣಿದ ಊರಿಗೆ ಊರೇ ತೂಕಡಿಸುತ್ತ ಕೆಲಸಕ್ಕೆ ಬಂತು, ತಮ್ಮ ಚುಕ್ಕೆ ಐವತ್ತರಲ್ಲೇ ಇತ್ತು. ಒಳಗೆ ವಾಲ್ವು ವಿಭಾಗದ ಚಾರ್ಟುಗಳಲ್ಲಿ ಚುಕ್ಕೆಗಳು ಮಕ್ಕಳು ಮೆಟ್ಟಿಲು ಹತ್ತಿಳಿದಂತೆ ಓಡಾಡುತ್ತಿರುವಾಗ ತಾವು ಮಾತ್ರ ನಡುಗೆರೆಯ ಮೇಲೆ ದಾರಕ್ಕೆ ಪೋಣಿಸಿದ ಹಾಗೆ ಕುಳಿತಿರುವುದನ್ನು ಕಂಡು ನವೆಂಬರಿನಲ್ಲಿ ವ್ಯವಸ್ಥಾಪಕರೇ ಕ್ಯಾಂಟೀನಿಗೆ ಬಂದರು, ತಮ್ಮ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಸಾವಿತ್ರಕ್ಕನಿಗೆ ಒಂದು ಗುಲಾಬಿ ಮತ್ತು ಒಂದು ಸ್ಟೀಲ್ ಡಬ್ಬಿ ಕೊಟ್ಟರು, ಇಡೀ ಕಾರ್ಖಾನೆ ಈ ಚಾರ್ಟನ್ನು ನೋಡಿ ಕಲಿಯಬೇಕು ಎಂದರು. ಆ ಫೋಟೋ ನವರಂಗಪುರಕ್ಕೆ ಹೋಯಿತು. ನಮ್ಮ ಕಷ್ಟ ಶುರುವಾದದ್ದು ಅಲ್ಲಿಂದ.

ಮುಖ್ಯ ಕಚೇರಿಯ ತಪಾಸಣಾಧಿಕಾರಿ ಹಿತೇನ್‌ಭಾಯ್ ಅವರು ಫೋಟೋದಲ್ಲಿ ವ್ಯವಸ್ಥಾಪಕರನ್ನು ನೋಡುವ ಬದಲು ತಮ್ಮನ್ನು ನೋಡಿದರು. ಚುಕ್ಕೆ ಗೆರೆ ದಾಟಿದರೆ ಅನುಮಾನಪಡಬೇಕೆಂಬುದು ನನಗೂ ಗೊತ್ತಿತ್ತು; ಹದಿನೈದು ಚುಕ್ಕೆ ಸಾಲಾಗಿ ನಡುಗೆರೆಯ ಮಗ್ಗುಲಲ್ಲೇ ಕುಳಿತರೂ ಅನುಮಾನಪಡಬೇಕೆಂಬ ನಿಯಮ ತಮ್ಮ ಶಾಸ್ತ್ರದಲ್ಲಿದೆ ಎಂಬುದು ಅಂದೇ ಗೊತ್ತಾಯಿತು. ನಮ್ಮದು ಹದಿನೈದಲ್ಲ, ನೂರ ಮೂವತ್ತೆಂಟು. ಡಿಸೆಂಬರ್ ಎರಡನೇ ವಾರ ನೋಟಿಸು ಬಂತು. ಪ್ರಕೃತಿಯಲ್ಲಿ ಇಷ್ಟು ಕಡಿಮೆ ಏರಿಳಿತ ಅಸಾಧ್ಯವಾದ್ದರಿಂದ ಈ ಅಂಕಿಗಳನ್ನು ತೂಗದೆ, ಕುಳಿತಲ್ಲಿಯೇ ಊಹಿಸಿ ಬರೆಯಲಾಗಿದೆಯೆಂದು ಭಾವಿಸಬೇಕಾಗಿದ್ದು, ಸಂಬಂಧಪಟ್ಟ ನೌಕರಳನ್ನು ಏಕೆ ತೆಗೆದುಹಾಕಬಾರದು ಎಂದು ಅದರಲ್ಲಿ ಕೇಳಲಾಗಿತ್ತು. ನೋಟಿಸನ್ನು ಕನ್ನಡದಲ್ಲಿ ಓದಿ ಹೇಳಿದೆ. ಸಾವಿತ್ರಕ್ಕ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟು, "ಎಂತ ಮಾರಾಯ್ರೆ ಇದು, ಒಳ್ಳೇದಾಯ್ತು ಅಂತ ಗುಲಾಬಿ ಕೊಟ್ರು, ಈಗ ಅದೇ ಒಳ್ಳೇದಾದ್ದಕ್ಕೆ ಕಳ್ಳಿ ಅಂತಾರಾ?" ಎಂದು ಕೇಳಿದರು. ಮಾನ್ಯರೇ, ಈ ಪ್ರಶ್ನೆಗೆ ಉತ್ತರ ತಮ್ಮ ಯಾವ ಗೆರೆಯ ಮೇಲಿದೆ ಎಂದು ನಾನು ಅಂದಿನಿಂದ ಹುಡುಕುತ್ತಿದ್ದೇನೆ.

ಗುಣಮಟ್ಟ ವಿಭಾಗದ ಸಹಾಯಕರೊಬ್ಬರು ನಿಜಕ್ಕೂ ಒಳ್ಳೆಯವರು, ಸಾವಿತ್ರಕ್ಕನ ಚಟ್ನಿಯ ಅಭಿಮಾನಿ. ಅವರು ನೆರವಿಗೆ ಬಂದು, "ಸಾವಿತ್ರಿಬೆನ್, ಥೋಡಾ ಊಪರ್-ನೀಚೆ ಕರ್ ದೋ ನಾ, ಒಂದು ದಿನ ನಲವತ್ತೇಳು, ಒಂದು ದಿನ ಐವತ್ಮೂರು, ಸಬ್ ಖುಷ್," ಎಂದು ದಾರಿ ತೋರಿಸಿದರು. ಅಂದರೆ ಸತ್ಯ ಬರೆದವರ ಮೇಲೆ ಸುಳ್ಳಿನ ಅನುಮಾನ ಬಂದಿರುವುದರಿಂದ, ಸ್ವಲ್ಪ ಸುಳ್ಳು ಬರೆದು ಸತ್ಯವಂತರೆಂದು ರುಜುವಾತು ಮಾಡಬೇಕು. ಇದರಲ್ಲಿ ತಪ್ಪೇನೂ ಕಾಣದ ನಾನು ಅರ್ಧ ಒಪ್ಪಿಯೂ ಇದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಈ ಕ್ಯಾಂಟೀನನ್ನೇ ನಂಬಿ ಹನ್ನೊಂದು ಮಂದಿ ಕೆಲಸಗಾರರಿದ್ದಾರೆ. ಸಾವಿತ್ರಕ್ಕ ಒಪ್ಪಲಿಲ್ಲ. "ತಕ್ಕಡಿ ಲೆಕ್ಕದಲ್ಲಿ ಐವತ್ತು ಬರ್ತಾ ಉಂಟು, ನಾನು ನಲವತ್ತೇಳು ಬರೆದ್ರೆ ತಕ್ಕಡಿ ಎದುರು ಮುಖ ಹೇಗೆ ತೋರಿಸುದು?" ಎಂದರು. ತಕ್ಕಡಿಗೆ ನಾಚುವವರು ಈ ಕಾಲದಲ್ಲೂ ಇದ್ದಾರೆ, ಇದನ್ನು ತಮ್ಮ ದಾಖಲೆಗೆ ಸೇರಿಸಿಕೊಳ್ಳಬೇಕಾಗಿ ವಿನಂತಿ.

ಕೊನೆಗೆ ಹಿತೇನ್‌ಭಾಯ್ ಅವರೇ ಮೂರು ದಿನ ಬಂದು ಸ್ವತಃ ತೂಗಿದರು. ಮುಂಜಾನೆಯ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಆರೂವರೆಗೇ ಹಾಜರಾಗುತ್ತಿದ್ದ ಅವರ ನಿಷ್ಠೆಯನ್ನು ಮೆಚ್ಚಲೇಬೇಕು. ಸಾವಿತ್ರಕ್ಕ ಎಂದಿನಂತೆ ಐದು ಇಡ್ಲಿಯನ್ನು ತಟ್ಟೆಯಲ್ಲಿ ಇಟ್ಟು ಕೊಟ್ಟು ದೂರ ನಿಂತರು. ಹಿತೇನ್‌ಭಾಯ್ ತೂಗಿದರು, ನಾನು ಪಕ್ಕದಲ್ಲಿ ನಿಂತು ತಕ್ಕಡಿ ತೋರಿಸಿದ್ದನ್ನೆಲ್ಲ ಹಾಲಿನ ಚೀಟಿಯ ಹಿಂದೆ ಬರೆದುಕೊಂಡೆ. ಮೊದಲ ದಿನದ ಸರಾಸರಿ ಐವತ್ತು ಪಾಯಿಂಟ್ ಎರಡು. ಎರಡನೇ ದಿನ ನಲವತ್ತೊಂಬತ್ತು ಪಾಯಿಂಟ್ ಎಂಟು. ಮೂರನೇ ದಿನ ಐವತ್ತು ಪಾಯಿಂಟ್ ನಾಲ್ಕು. ಸಾವಿತ್ರಕ್ಕನ ಮುಖ ಅರಳಿತು. ಹಿತೇನ್‌ಭಾಯ್ ಅವರ ಮುಖ ಮಾತ್ರ ಕಪ್ಪಿಟ್ಟಿತು. ಅವರು ತಮ್ಮ ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಬಳಿಕ ನಲವತ್ತಾರು ಪಾಯಿಂಟ್ ಎಂಟು, ಐವತ್ತನಾಲ್ಕು ಪಾಯಿಂಟ್ ಒಂದು, ನಲವತ್ತೆಂಟು ಪಾಯಿಂಟ್ ಮೂರು ಎಂದು ಶುದ್ಧ ಅಕ್ಷರಗಳಲ್ಲಿ ಬರೆದರು. ನಾನು ಚೀಟಿಯನ್ನು ತೋರಿಸಿದಾಗ ಅವರು ದನಿ ತಗ್ಗಿಸಿ, "ಅಣ್ಣಾ, ಆಫೀಸ್ ಮೇ ಇಸ್ ಕೋ ಕೌನ್ ಮಾನೇಗಾ? ಮೇರೀ ಭೀ ನೌಕ್ರಿ ಹೈ," ಎಂದರು. ಅವರಿಗೂ ನೌಕರಿ ಇದೆ, ಅವರನ್ನೂ ಕಚೇರಿಯಲ್ಲಿ ನಂಬಬೇಕು, ಸರಿಯೇ. ಆದರೆ ಮಾನ್ಯರೇ, ಜೂನ್‌ನಿಂದ ಇಂದಿನವರೆಗೆ ತಮ್ಮ ಹೆಸರಿನಲ್ಲಿ ದಾಖಲಾದ ಅಂಕಿಗಳಲ್ಲಿ ಊಹಿಸಿ ಬರೆದವು ಮೂರೇ ಮೂರು, ಆ ಮೂರನ್ನೂ ಊಹೆ ಹಿಡಿಯಲು ಬಂದವರೇ ಬರೆದರು ಎಂಬ ಸಂಗತಿಯನ್ನು ತಮ್ಮ ಶಾಸ್ತ್ರದಲ್ಲಿ ಏನೆಂದು ಕರೆಯುತ್ತಾರೆ?

ಇಷ್ಟಾದರೂ ಚುಕ್ಕೆಗಳು ಏಕೆ ಕದಲುವುದಿಲ್ಲ ಎಂಬುದು ನನಗೂ ತಿಳಿದಿರಲಿಲ್ಲ. ತಿಳಿಸಿದವಳು ನನ್ನ ಮಗಳು ಅರ್ಚಿತಾ. ಅವಳು ಸೂರತ್‌ನಲ್ಲಿ ಇಂಜಿನಿಯರಿಂಗ್ ಓದುತ್ತ, ಅಡಾಜಣ್‌ನಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಾಳೆ. ಫೋನಿನಲ್ಲಿ ನನ್ನ ಗೋಳೆಲ್ಲ ಕೇಳಿಸಿಕೊಂಡು, "ಪಪ್ಪಾ, ಒಂದು ಮಿನಿಟ್, ಸಾವಿತ್ರಿ ಆಂಟಿ ಐದು ಇಡ್ಲಿ ಕಹಾಂ ಸೇ ತೆಗೀತಾರೆ? ಒಂದೇ ಪ್ಲೇಟಾ, ಅಲಗ್ ಅಲಗ್ ಪ್ಲೇಟಾ?" ಎಂದು ಕೇಳಿದಳು. ಇಪ್ಪತ್ತಾರು ವರ್ಷ ಇಡ್ಲಿಯ ನಡುವೆ ಬದುಕಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಸಾವಿತ್ರಕ್ಕನನ್ನು ಕೇಳಿದೆ. ಇದೂ ಒಂದು ಕೇಳುವ ವಿಷಯವೇ ಎಂಬಂತೆ ನನ್ನನ್ನು ನೋಡಿ, "ಒಂದೊಂದು ತಟ್ಟೆಯಿಂದ ಒಂದೊಂದು, ಮತ್ತೆಂತ? ಒಂದೇ ತಟ್ಟೆಯಿಂದ ಐದೂ ತೆಗೆದ್ರೆ ಪಂಕ್ತಿಭೇದ ಆಗುದಿಲ್ವಾ?" ಎಂದರು.

ತಾವು ಗುಜರಾತಿನವರೋ, ವಿಲಾಯತಿನವರೋ ನನಗೆ ತಿಳಿಯದು, ಆದ್ದರಿಂದ ವಿವರಿಸುತ್ತೇನೆ. ಊಟಕ್ಕೆ ಸಾಲಾಗಿ ಕುಳಿತವರಲ್ಲಿ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಬಡಿಸುವುದಕ್ಕೆ ನಮ್ಮಲ್ಲಿ ಪಂಕ್ತಿಭೇದ ಎನ್ನುತ್ತಾರೆ, ಬಡಿಸುವವರ ಪಾಲಿಗೆ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. ನಮ್ಮ ಇಡ್ಲಿ ಸ್ಟೀಮರಿನಲ್ಲಿ ಐದು ತಟ್ಟೆಗಳು. ಕೆಳಗಿನ ಎರಡು ಊರಿನಿಂದ ತಂದ ಹಳೆಯವು, ಗುಳಿ ಆಳ. ಮೇಲಿನ ಮೂರು ಬೇರೆ ಬೇರೆ ವರ್ಷ ಇಲ್ಲಿನ ಪೇಟೆಯಲ್ಲಿ ಕೊಂಡವು, ಒಂದಕ್ಕಿಂತ ಒಂದರ ಗುಳಿ ತೆಳು. ಅಂದು ನಾನೇ ಕೂತು ಎಲ್ಲ ತಟ್ಟೆಯ ಇಡ್ಲಿಯನ್ನೂ ತೂಗಿದೆ: ಕೆಳಗಿನಿಂದ ಮೇಲಕ್ಕೆ ಹೆಚ್ಚುಕಡಿಮೆ ಐವತ್ತೆಂಟು, ಐವತ್ತನಾಲ್ಕು, ಐವತ್ತು, ನಲವತ್ತಾರು, ನಲವತ್ತೆರಡು ಗ್ರಾಂ. ಸಾವಿತ್ರಕ್ಕ ಬಡಿಸುವಾಗ ಒಂದು ದೊಡ್ಡದರ ಜೊತೆಗೆ ಒಂದು ಚಿಕ್ಕದು ಹಾಕುತ್ತಾರೆ, ಅದಕ್ಕೇ ಹತ್ತೊಂಬತ್ತು ವರ್ಷದಲ್ಲಿ ಯಾರೂ ತಕರಾರು ತೆಗೆದಿಲ್ಲ. ತಮಗೆ ತೂಗುವಾಗಲೂ ಅದೇ ನ್ಯಾಯ: ಪ್ರತಿ ತಟ್ಟೆಯಿಂದ ಒಂದು. ತಟ್ಟೆ ತಟ್ಟೆಗೆ ಇರುವ ಅಂತರವನ್ನೆಲ್ಲ ತಮ್ಮ ಗಣಿತದವರು ಸಹಜ ಏರಿಳಿತವೆಂದು ಎಣಿಸಿ ಕೆಂಪು ಗೆರೆಗಳನ್ನು ಅಷ್ಟು ದೂರ ಎಳೆದರು; ಸರಾಸರಿಯಾದರೋ ದಿನವೂ ಅದೇ ಐದು ತಟ್ಟೆಯದ್ದು, ಅದು ಎಲ್ಲಿಗೆ ಹೋದೀತು? ಮೈದಾನದಷ್ಟು ಅಗಲದ ಅಂಗಳ ಕೊಟ್ಟು, ಮೂಲೆಗೆ ಏಕೆ ಓಡಲಿಲ್ಲ ಎಂದು ಚುಕ್ಕೆಯನ್ನು ಗದರಿಸಿದ ಹಾಗಾಯಿತು. ಐವತ್ತೆಂಟರಿಂದ ನಲವತ್ತೆರಡರವರೆಗಿನ ಆ ಐದೂ ತೂಕಗಳು ರಿಜಿಸ್ಟರಿನ ಪ್ರತಿ ಪುಟದಲ್ಲೂ ಇದ್ದವು. ಪ್ರತಿ ಪುಟಕ್ಕೂ ನಾನು ಸಹಿ ಹಾಕಿದ್ದೇನೆ, ಗುಣಮಟ್ಟ ವಿಭಾಗ ಮೊಹರು ಹಾಕಿದೆ, ಎಲ್ಲರೂ ನೋಡಿದ್ದು ಸರಾಸರಿಯನ್ನು ಮಾತ್ರ. ಈ ಮಟ್ಟಿಗೆ ನನ್ನ ಕುರುಡುತನವೂ ಕಾರ್ಖಾನೆಯ ಕುರುಡುತನವೂ ಪೂರ್ಣವಾಗಿ ನಿಯಂತ್ರಣದಲ್ಲಿದ್ದವು.

ಇದನ್ನೆಲ್ಲ ಹಿತೇನ್‌ಭಾಯ್ ಅವರಿಗೆ ತಟ್ಟೆಗಳ ಸಮೇತ ತೋರಿಸಿದೆ. ಅವರು ಬುದ್ಧಿವಂತರು, ಎರಡು ನಿಮಿಷದಲ್ಲಿ ಅರ್ಥಮಾಡಿಕೊಂಡರು, ಹಣೆಗೆ ಕೈ ಹಚ್ಚಿದರು, ನಗುತ್ತ ಒಂದು ಇಡ್ಲಿಯನ್ನೂ ತಿಂದರು. ಆಮೇಲೆ ತಮ್ಮ ವರದಿಯ ಫಾರ್ಮು ತೋರಿಸಿದರು. ಅದರಲ್ಲಿ ಗುರುತು ಹಾಕಲು ಎರಡೇ ಚೌಕಗಳಿದ್ದವು: "ಪ್ರಕ್ರಿಯೆ ಸಹಜವಾಗಿದೆ" ಮತ್ತು "ಅಂಕಿಅಂಶ ಸಂಶಯಾಸ್ಪದ". ತೂಗಿದವಳು ಸತ್ಯವಂತೆ, ಗೆರೆ ಎಳೆದವರು ತಟ್ಟೆ ನೋಡಲಿಲ್ಲ ಎನ್ನುವುದಕ್ಕೆ ಚೌಕ ಇರಲಿಲ್ಲ. ಹೊಸ ಚೌಕ ಬೇಕಾದರೆ ಫಾರ್ಮು ಪರಿಷ್ಕರಣ ಸಮಿತಿ ಸೇರಬೇಕು, ಅದು ಸೇರುವುದು ಎರಡು ವರ್ಷಕ್ಕೊಮ್ಮೆ.

ಆದ್ದರಿಂದ ಎಲ್ಲರಿಗೂ ಅನುಕೂಲವಾಗುವ ಒಂದು ಕಾಗದ ಸಿದ್ಧವಾಯಿತು. ಹಿತೇನ್‌ಭಾಯ್ ಅವರ ಮೂರು ಅಂಕಿಗಳು ತನ್ನ ಕಣ್ಣೆದುರಿನಲ್ಲೇ ತೂಗಿದವು ಎಂದು ಸಾವಿತ್ರಕ್ಕ ಸಾಕ್ಷಿ ಹಾಕಬೇಕು. ಜೂನ್‌ನಿಂದ ತಾನು ಬರೆದವು ಅಂದಾಜಿನವು ಎಂದು ಒಪ್ಪಿಕೊಳ್ಳಬೇಕು. ಅದರ ಕೆಳಗೆ ಗುತ್ತಿಗೆದಾರನಾದ ನಾನು ಸಹಿ ಮಾಡಬೇಕು. ಮಾಡಿದರೆ ಅವರಿಗೆ ಎರಡು ದಿನದ ತರಬೇತಿ ಕೊಟ್ಟು ಕೆಲಸದಲ್ಲಿ ಉಳಿಸಿಕೊಳ್ಳಲಾಗುವುದು, ನನ್ನ ಗುತ್ತಿಗೆ ಇನ್ನು ಮೂರು ವರ್ಷ ಮುಂದುವರಿಯುವುದು. ಮಾಡದಿದ್ದರೆ ಸಾವಿತ್ರಕ್ಕನನ್ನು ನಾನೇ ಕಳಿಸಬೇಕು. ನಾನು ಕಳಿಸದಿದ್ದರೆ ಫೆಬ್ರವರಿ ಒಂದರಿಂದ ಇಬ್ಬರೂ ಒಟ್ಟಿಗೆ ಹೋಗಬಹುದು. ಕಾಗದ ಓದಿ ಹೇಳುವಾಗ ನನ್ನ ದನಿಯಲ್ಲಿ ಸಹಿ ಹಾಕಿಬಿಡಿ ಎಂಬ ಬೇಡಿಕೆ ಇತ್ತೆಂದು ನನಗೆ ಗೊತ್ತು, ಅವರಿಗೂ ಗೊತ್ತಾಯಿತು. ಅವರು ಸಿಟ್ಟಾಗಲಿಲ್ಲ. "ನೋಡಿ ಹರಿಯಣ್ಣ, ನಾನು ಸುಳ್ಳು ಬರೆದೆ ಅಂತ ಇದ್ರಲ್ಲಿ ಬರೆದುಂಟಲ್ಲ, ಅದಕ್ಕೆ ಸಹಿ ಹಾಕಿದ್ರೆ ಅದೇ ನನ್ನ ಮೊದಲ್ನೇ ಸುಳ್ಳು ಆಗ್ತದೆ. ಈ ಪ್ರಾಯದಲ್ಲಿ ಹೊಸ್ತಾಗಿ ಶುರು ಮಾಡುದು ಬೇಡ," ಎಂದು ಹೇಳಿ ಹಿಟ್ಟಿನ ಕೈ ತೊಳೆಯಲು ಹೋದರು.

ಇಂತಹ ಸಂದರ್ಭದಲ್ಲಿ ತಮ್ಮಲ್ಲಿ ನನ್ನ ಕೆಲವು ವಿನಂತಿಗಳಿವೆ. ಸಾಧ್ಯವಾದರೆ ತಮ್ಮ ಹಳೆಯ ಚುಕ್ಕೆಗಳಲ್ಲಿ ನಲವತ್ತೋ ಐವತ್ತೋ ಚುಕ್ಕೆಗಳು ಯಾರೂ ಮುಟ್ಟದೆ ತಾವಾಗಿಯೇ ಅತ್ತಿತ್ತ ಸರಿಯಬೇಕು, ಸಾವಿತ್ರಕ್ಕನ ಕೈ ಮೈಲಿಗೆಯಾಗದ ಹಾಗೆ. ಅದು ಆಗದಿದ್ದರೆ, ಸೋಮವಾರ ನವರಂಗಪುರದಲ್ಲಿ ನಮ್ಮಿಬ್ಬರ ವಿಷಯ ತೀರ್ಮಾನಿಸುವ ವಿಚಾರಣಾ ಸಮಿತಿ ಸೇರುವಾಗ ತಾವೇ ಗೋಡೆಯಿಂದ ಇಳಿದು, ಬೆಳಗಿನ ರೈಲು ಹಿಡಿದು, ಸ್ಟೇಷನ್ನಿನಿಂದ ಆಟೋ ಮಾಡಿಕೊಂಡು ಹೋಗಿ ಸಾಕ್ಷಿ ಹೇಳಬೇಕು. ಆ ರಸ್ತೆಯ ಆಟೋಗಳನ್ನು ಒಮ್ಮೆ ಏರಿದರೆ ಸಹಜ ಏರಿಳಿತದ ಬಗ್ಗೆ ತಮ್ಮ ತಿಳಿವಳಿಕೆಯೂ ಹೆಚ್ಚುತ್ತದೆ. ಅದೂ ಕಷ್ಟವಾದರೆ ಕಾರ್ಖಾನೆಯಲ್ಲಿ ಸತ್ಯ ಹೇಳುವವರ ಮೇಲೂ ಒಂದು ಮೇಲ್ಮಿತಿ ಎಳೆದು, ತಿಂಗಳಿಗೆ ಇಷ್ಟೇ ಸತ್ಯ ಸಾಕು ಎಂದು ಮೊದಲೇ ಫಲಕ ಹಾಕಿಬಿಡಬೇಕು. ಗೊತ್ತಿದ್ದರೆ ಜೂನ್‌ನಲ್ಲೇ ಬೇರೆ ಯಾರನ್ನಾದರೂ ನೇಮಿಸುತ್ತಿದ್ದೆ.

ವಿನಂತಿ ಈಡೇರುವ ಭರವಸೆ ನನಗಿಲ್ಲವಾದ್ದರಿಂದ ನಾನು ಮಾಡಿದ್ದನ್ನೂ ತಿಳಿಸುತ್ತೇನೆ. ಆ ಕಾಗದವನ್ನು ಇಂದು ಮುಖ್ಯ ಕಚೇರಿಗೆ ಹಿಂದಕ್ಕೆ ಕಳಿಸಿದ್ದೇನೆ. ಅದರ ಕೆಳಗೆ ಇಬ್ಬರ ಸಹಿಗೆ ಜಾಗ ಬಿಟ್ಟಿದ್ದರು, ಎರಡೂ ಖಾಲಿಯಾಗಿಯೇ ಹೋಗಿವೆ. ಜೊತೆಗೆ ಹಾಲಿನ ಚೀಟಿಯನ್ನೂ, ಐದು ತಟ್ಟೆಗಳ ತೂಕವನ್ನೂ ಲಗತ್ತಿಸಿದ್ದೇನೆ. ಹನ್ನೊಂದು ಮಂದಿಯನ್ನು ಕೂರಿಸಿ ವಿಷಯ ಹೇಳಿದೆ. ಯಾರೂ ಎದ್ದುಹೋಗಲಿಲ್ಲ. ಸೋಮವಾರ ಏನಾಗುತ್ತದೋ ತಿಳಿಯದು. ಇಂದು ಬೆಳಿಗ್ಗೆ ಆರೂಮುಕ್ಕಾಲಿಗೆ ಸಾವಿತ್ರಕ್ಕ ಐದು ತಟ್ಟೆಯಿಂದ ಐದು ಇಡ್ಲಿ ತೆಗೆದು ತೂಗಿದರು. ಐವತ್ತು ಪಾಯಿಂಟ್ ಒಂದು. ತಮ್ಮ ಎದುರು ನಿಂತು, ಎಂದಿನಂತೆ ಕುಂಕುಮದಷ್ಟು ದುಂಡಗೆ ಚುಕ್ಕೆ ಇಟ್ಟರು.

ತಮ್ಮ ಎರಡು ಕೆಂಪು ಗೆರೆಗಳ ನಡುವೆ ಈ ತಿಂಗಳ ಕೊನೆಯವರೆಗಾದರೂ ಇರುವ,
ತಮ್ಮ ವಿಶ್ವಾಸಿ,
ಹರಿಪ್ರಸಾದ,
ಕ್ಯಾಂಟೀನು ಗುತ್ತಿಗೆದಾರ

ಬರೆದು ಮುಗಿಸಿದ ಮೇಲೆ ನೆನಪಾದದ್ದು: ಗುಣಮಟ್ಟ ವಿಭಾಗದ ಹದಿನಾಲ್ಕು ಮಂದಿಯ ಹಾಜರಿ ಪುಸ್ತಕವನ್ನು ಚಹಾ ಕೊಡಲು ಹೋದಾಗ ಕಂಡೆ. ಹನ್ನೊಂದು ತಿಂಗಳಿಂದ ಹದಿನಾಲ್ಕೂ ಮಂದಿ ಸರಿಯಾಗಿ ಒಂಬತ್ತು ಗಂಟೆಗೇ ಬಂದಿದ್ದಾರೆ, ಒಂದು ನಿಮಿಷದ ಏರಿಳಿತವೂ ಇಲ್ಲ. ಒಂಬತ್ತಕ್ಕೆ ನಾವು ಕಳಿಸುವ ಹದಿನಾಲ್ಕು ಲೋಟ ಚಹಾದಲ್ಲಿ ಒಂಬತ್ತು ಲೋಟ ಕುಡಿಯುವವರಿಲ್ಲದೆ ತಣ್ಣಗಾಗಿ ಹಿಂದಕ್ಕೆ ಬರುತ್ತವೆ. ನಾನು ಯಾರ ಮೇಲೂ ಅನುಮಾನಪಡುತ್ತಿಲ್ಲ. ಸಾಲಾಗಿ ಹದಿನೈದು ಚುಕ್ಕೆಯ ನಿಯಮ ತಮ್ಮದೇ ಎಂದು ವಿನಯಪೂರ್ವಕವಾಗಿ ನೆನಪಿಸುತ್ತಿದ್ದೇನೆ, ಅಷ್ಟೇ.